ಲೆಕ್ಕಕ್ಕುಂಟು, ಆಟಕ್ಕಿಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣಾ ಪದ್ಧತಿ ಕುರಿತು ಆಡಿದ ಮಾತುಗಳ ಬರಹ ರೂಪ)

ಚಿಕ್ಕಂದಿನಲ್ಲಿ ನಾವು ಆಡೋ ಆಟದಲ್ಲೆಲ್ಲ ಒಬ್ಬ ಪುಟ್ಟ ಹುಡುಗ ಇರ್ತಿದ್ದ. ಬಿಟ್ಟರೆ ಅಳ್ತಾನೆ ಅಂತ ಸೇರಿಸಿಕೊಳ್ತಿದ್ವಿ. ಅವನು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಅಂತಿದ್ವಿ. ನಮ್ಮ ಕೇರಿಗೆ ಊರು ಇಟ್ಟಿದ್ದ ಲೆಕ್ಕ ಇದರ ತಿರುಗುಮುರುಗು. ಜಾತ್ರೆ ಬಂತು ಅಂದರೆ ವಂತಿಗೆ ಎತ್ತೋರು ಕೇರಿಗೂ ಬರ್ತಿದ್ದರು. ಬೆರಳು ಮಡಿಚಿ ಒಲೆ ಎಣಿಸ್ತಿದ್ದರು. ಒಂದು ಮನೆಯನ್ನೂ ಬಿಡ್ತಿರಲಿಲ್ಲ. ತೇರು ಹೊರಟ ದಿನ ಮಾತ್ರ ನಮ್ಮಪ್ಪ ದೂರದಲ್ಲಿ ನಿಂತು ಕೈ ಮುಗೀತಿದ್ದ. ಹಗ್ಗ ಮುಟ್ಟುವಂತಿರಲಿಲ್ಲ. ನಾವು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇವತ್ತು ನಾನು ಹೇಳಬೇಕಾಗಿರೋದು ಅಮೆರಿಕದ ಅಧ್ಯಕ್ಷನನ್ನು ಆರಿಸುವ ಪದ್ಧತಿ ಮತ್ತು ಅದನ್ನು ಬದಲಾಯಿಸಬೇಕೆಂಬ ಹೋರಾಟದ ಬಗ್ಗೆ. ವಿಷಯ ಹೇಳಿದ ಕೂಡಲೇ ಹಿಂದೆ ಕೂತ ಗೆಳೆಯನೊಬ್ಬ, 'ನಮ್ಮ ಮೆಸ್ಸಿನ ಸಾರಲ್ಲೇ ಬೇಳೆ ಇಲ್ಲ, ಅಮೆರಿಕದ ಅಧ್ಯಕ್ಷನ್ನ ಕಟ್ಕೊಂಡು ನಮಗೇನು?' ಅಂದ. ನ್ಯಾಯವಾದ ಪ್ರಶ್ನೆ. ಬೇಳೆಯ ಮಾತಿಗೆ ಕೊನೆಗೆ ಬರ್ತೀನಿ. ಸದ್ಯಕ್ಕೆ ಇಷ್ಟು. ಬಾಬಾಸಾಹೇಬರು 1913ರಲ್ಲಿ ಓದಲು ಹೋದದ್ದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. 1946ರಲ್ಲಿ ಅವರು ಕರಿಯರ ದೊಡ್ಡ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು 'ದಲಿತ್ ಪ್ಯಾಂಥರ್ಸ್' ಅಂತ ಹೆಸರಿಟ್ಟುಕೊಂಡದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ. ಅವರ ಗಾಯಕ್ಕೂ ನಮ್ಮ ಗಾಯಕ್ಕೂ ಮೊದಲಿಂದಲೂ ಮಾತುಕತೆ ಇದೆ. ಈ ಚುನಾವಣೆಯ ಕತೆಯೂ ಆ ಗಾಯದ ಕತೆಯೇ.

ಮೊದಲು ಪದ್ಧತಿ ಏನು ನೋಡೋಣ. ಅಮೆರಿಕದಲ್ಲಿ ಜನ ಅಧ್ಯಕ್ಷನಿಗೆ ಓಟು ಹಾಕ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಕಾನೂನಿನ ಪ್ರಕಾರ ಅವರು ಆರಿಸುವುದು ಎಲೆಕ್ಟರುಗಳನ್ನು. ಒಟ್ಟು 538 ಎಲೆಕ್ಟರುಗಳು. ಈ ಗುಂಪಿಗೆ ಎಲೆಕ್ಟೊರಲ್ ಕಾಲೇಜು ಅಂತ ಹೆಸರು. ಒಂದು ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ ಎಷ್ಟು ಸದಸ್ಯರೋ ಅಷ್ಟು, ಜೊತೆಗೆ ಸೆನೆಟ್ಟಿನ ಇಬ್ಬರ ಲೆಕ್ಕದಲ್ಲಿ ಇನ್ನೆರಡು. ರಾಜಧಾನಿ ವಾಷಿಂಗ್ಟನ್‌ಗೆ 3. ಇದರಲ್ಲಿ 270 ಗಿಟ್ಟಿಸಿದವನು ಅಧ್ಯಕ್ಷ. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದ 48 ರಾಜ್ಯಗಳಲ್ಲಿ, ಒಂದೇ ಒಂದು ಓಟು ಹೆಚ್ಚು ಪಡೆದವನಿಗೂ ಆ ರಾಜ್ಯದ ಅಷ್ಟೂ ಎಲೆಕ್ಟರುಗಳು. ಸೋತವನಿಗೆ ಬಿದ್ದ ಓಟು ಅಲ್ಲಿಗೇ ಮಣ್ಣು.

ಈ ಸುತ್ತುದಾರಿ ಯಾಕೆ? 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಂವಿಧಾನ ಬರೆಯಲು ಕೂತವರ ನಡುವೆ, ಜನರೇ ನೇರವಾಗಿ ಆರಿಸಲಿ ಎಂಬ ಮಾತೂ ಬಂದಿತ್ತು. ಅದಕ್ಕೆ ಹಲವು ಅಡ್ಡಿಗಳನ್ನು ಹೇಳಿದರು. ದೇಶ ದೊಡ್ಡದು, ದೂರದ ಅಭ್ಯರ್ಥಿ ಜನಕ್ಕೆ ಗೊತ್ತಾಗೋಲ್ಲ ಅಂದರು. ಸಣ್ಣ ರಾಜ್ಯಗಳು ಮುಳುಗಿ ಹೋಗ್ತವೆ ಅಂದರು. ಇವೂ ನಿಜವಾದ ಕಾರಣಗಳೇ. ಆದರೆ ಇನ್ನೊಂದು ಕಾರಣವನ್ನು ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಜುಲೈ 19ರಂದು ಬಾಯಿಬಿಟ್ಟೇ ಹೇಳಿದ. ಈತ ಸ್ವತಃ ಗುಲಾಮರ ಒಡೆಯ. ಅವನ ಮಾತಿನ ತಿರುಳು ಇದು: ನೇರ ಚುನಾವಣೆ ಆದರೆ ಉತ್ತರದಲ್ಲಿ ಓಟುದಾರರು ಹೆಚ್ಚು, ದಕ್ಷಿಣದ ನೀಗ್ರೋಗಳಿಗೆ ಓಟಿಲ್ಲವಾದ್ದರಿಂದ ಅವರ ಸಂಖ್ಯೆಯಿಂದ ದಕ್ಷಿಣಕ್ಕೆ ಯಾವ ಬಲವೂ ಸಿಗೋಲ್ಲ. ಎಲೆಕ್ಟರುಗಳನ್ನು ಇಟ್ಟರೆ ಆ ತೊಂದರೆ ತಪ್ಪುತ್ತದೆ.

ಹೇಗೆ ತಪ್ಪುತ್ತದೆ? ಪ್ರತಿನಿಧಿ ಸಭೆಯ ಸ್ಥಾನ ಹಂಚುವಾಗ ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಅಂತ ಎಣಿಸಬೇಕು ಎಂದು ಅದೇ ಸಂವಿಧಾನ ಹೇಳಿತು. ಆ ಎಣಿಕೆಯೇ ಎಲೆಕ್ಟರುಗಳ ಎಣಿಕೆಗೂ ಹರಿದುಬಂತು. 1790ರ ಜನಗಣತಿಯಲ್ಲಿ ಪೆನ್ಸಿಲ್ವೇನಿಯಾ ಮತ್ತು ವರ್ಜೀನಿಯಾ, ಎರಡರಲ್ಲೂ ಗುಲಾಮರಲ್ಲದ ಜನ ಹೆಚ್ಚುಕಡಿಮೆ ಒಂದೇ. ಅಲ್ಲಿ ಸುಮಾರು 4 ಲಕ್ಷ 30 ಸಾವಿರ, ಇಲ್ಲಿ ಸುಮಾರು 4 ಲಕ್ಷ 55 ಸಾವಿರ. ಆದರೆ 1792ರ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಾಕ್ಕೆ ಎಲೆಕ್ಟರುಗಳು 15, ವರ್ಜೀನಿಯಾಕ್ಕೆ 21. ಈ ಅಂತರ ಬಹುಪಾಲು ವರ್ಜೀನಿಯಾದ ಹೊಲಗಳಲ್ಲಿ ಬೆನ್ನು ಬಗ್ಗಿಸಿದ್ದ 2 ಲಕ್ಷ 92 ಸಾವಿರ ಗುಲಾಮರದು. ಅವರ ಬೆವರೂ ಒಡೆಯನದು, ಅವರ ತಲೆಯ ಎಣಿಕೆಯೂ ಒಡೆಯನದು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷನ ಕುರ್ಚಿಯಲ್ಲಿ ಕೂತವರು ವರ್ಜೀನಿಯಾದ ಗುಲಾಮರ ಒಡೆಯರೇ.

ಗೆಳೆಯರೇ, ಮುಕ್ಕಾಲೂ ಅಲ್ಲದ ಆ ಲೆಕ್ಕ ಕೇಳಿ ನಮಗೆ ರೋಷ ಬರುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಗುಲಾಮನನ್ನು ಪೂರ್ತಿ ಒಂದು ಅಂತ ಎಣಿಸಿದ್ದರೆ ಒಳ್ಳೇದಾಗ್ತಿತ್ತಾ? ಇಲ್ಲ, ಒಡೆಯನಿಗೆ ಇನ್ನೂ ಹೆಚ್ಚು ಬಲ ಬರ್ತಿತ್ತು. ಎಣಿಸಿದ ತಲೆಗೆ ಓಟಿದೆಯಾ ಅನ್ನೋದೇ ಪ್ರಶ್ನೆ.

ಇದು ಬರೀ ತರ್ಕ ಅಲ್ಲ, ಚರಿತ್ರೆಯಲ್ಲೇ ನಡೆದುಹೋಯಿತು. ಅಂತರ್ಯುದ್ಧದ ಕೊನೆಗೆ, 1865ರಲ್ಲಿ ಗುಲಾಮಗಿರಿ ರದ್ದಾಯಿತು. 1870ರಲ್ಲಿ ಬಣ್ಣ ನೋಡಿ ಓಟು ತಡೆಯಕೂಡದು ಎಂಬ ತಿದ್ದುಪಡಿ ಬಂತು. 1876ರ ಚುನಾವಣೆಯಲ್ಲಿ ಟಿಲ್ಡನ್ ಜನರ ಓಟಿನಲ್ಲಿ ಮುಂದಿದ್ದ. ಅವನ ಪಕ್ಷದವರು ದಕ್ಷಿಣದಲ್ಲಿ ಕರಿಯರನ್ನು ಹೊಡೆದು ಬೆದರಿಸಿ ಮತಗಟ್ಟೆಯಿಂದ ಓಡಿಸಿದ್ದರು ಎಂಬುದನ್ನೂ ಮರೆಯಬಾರದು. ಎಲೆಕ್ಟರುಗಳ ಜಗಳ ಒಂದು ಆಯೋಗಕ್ಕೆ ಹೋಗಿ, 185ಕ್ಕೆ 184ರಂತೆ ಹೇಯ್ಸ್ ಅಧ್ಯಕ್ಷನಾದ. ಆ ಗಲಾಟೆ ಮುಗಿಸಿದ ರಾಜಿಯಲ್ಲಿ, ಕರಿಯರ ಕಾವಲಿಗೆ ದಕ್ಷಿಣದಲ್ಲಿ ಉಳಿದಿದ್ದ ಸೈನ್ಯ 1877ರಲ್ಲಿ ಹಿಂದಕ್ಕೆ ಸರಿಯಿತು. ದೊಡ್ಡವರಿಬ್ಬರ ವ್ಯಾಜ್ಯ ತೀರಿತು, ಬಡವನ ಬಾಗಿಲು ಮುರಿಯಿತು. ಆಮೇಲೆ ಮತ ತೆರಿಗೆ ಬಂತು, ಓದು ಬರಹದ ಪರೀಕ್ಷೆ ಬಂತು. 1890ರ ಮಿಸಿಸಿಪ್ಪಿ ಸಂವಿಧಾನ ಇದಕ್ಕೆ ಮೇಲ್ಪಂಕ್ತಿ. ಈಗ ಕರಿಯರನ್ನು ಐದಕ್ಕೆ ಐದೂ ಪಾಲು ಎಣಿಸ್ತಿದ್ದರು, ಎಲೆಕ್ಟರುಗಳು ಪೂರಾ ಸಿಗ್ತಿದ್ದರು. ಓಟು ಮಾತ್ರ ಇಲ್ಲ. ಹಳೆಯ ಒಡೆಯರ ಮೊಮ್ಮಕ್ಕಳಿಗೆ ತಾತನಿಗಿಂತ ಹೆಚ್ಚು ಲಾಭ. 1965ರ ಮತದಾನ ಹಕ್ಕು ಕಾಯ್ದೆ ಬರುವವರೆಗೆ, ಸೆಲ್ಮಾ ಊರಿನ ಸೇತುವೆ ಮೇಲೆ ಕರಿಯರ ತಲೆ ಒಡೆಯುವವರೆಗೆ, ಇದೇ ನಡೀತು.

ಬದಲಾಯಿಸೋ ಪ್ರಯತ್ನ ನಡೆಯಲಿಲ್ಲವಾ? ನಡೆದಿದೆ. 1969ರ ಸೆಪ್ಟೆಂಬರಿನಲ್ಲಿ ನೇರ ಚುನಾವಣೆಯ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ 338ಕ್ಕೆ 70ರ ಬಹುಮತದಿಂದ ಪಾಸಾಯಿತು. 1970ರಲ್ಲಿ ಸೆನೆಟ್ಟಿನಲ್ಲಿ ಅದನ್ನು ಮಾತಾಡಿ ಮಾತಾಡಿಯೇ ಕೊಂದರು. ಚರ್ಚೆ ನಿಲ್ಲಿಸಿ ಓಟಿಗೆ ಹಾಕೋಣ ಅಂದವರು 54, ಬೇಡ ಅಂದವರು 36. ಮೂರರಲ್ಲಿ ಎರಡು ಪಾಲು ಬೇಕಿತ್ತು, ಸಿಗಲಿಲ್ಲ. ಅಡ್ಡ ನಿಂತವರ ಮುಂದಾಳುಗಳಲ್ಲಿ ಒಬ್ಬ ಸ್ಟ್ರಾಮ್ ಥರ್ಮಂಡ್. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ತಡೆಯಲು 24 ಗಂಟೆಗೂ ಮೀರಿ ಒಂದೇ ಸಮನೆ ಮಾತಾಡಿದ ಮಹಾಶಯ ಇವನೇ. ಯಾರು ಅಡ್ಡ ಮಲಗಿದ್ದಾರೆ ಅಂತ ನೋಡಿದರೆ ದಾರಿ ಯಾವ ಊರಿಗೆ ಹೋಗುತ್ತೆ ಅಂತ ಅರ್ಧ ಗೊತ್ತಾಗುತ್ತದೆ.

ಅರ್ಧ ಮಾತ್ರ. ಇನ್ನರ್ಧವನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. 1979ರಲ್ಲಿ ಇದೇ ತಿದ್ದುಪಡಿ ಮತ್ತೆ ಸೆನೆಟ್ಟಿಗೆ ಬಂದು, 51ಕ್ಕೆ 48 ಓಟು ಬಿದ್ದರೂ ಮೂರರಲ್ಲಿ ಎರಡು ಪಾಲು ಸಾಲದೆ ಸೋತಿತು. ಆಗ ಕರಿಯರ ಕೆಲವು ನಾಯಕರೇ, ನ್ಯಾಷನಲ್ ಅರ್ಬನ್ ಲೀಗ್‌ನ ವರ್ನನ್ ಜಾರ್ಡನ್ ಥರದವರು, ಬದಲಾವಣೆ ಬೇಡ ಅಂದರು. ಅವರ ವಾದ ಇದು: ದೊಡ್ಡ ರಾಜ್ಯಗಳ ದೊಡ್ಡ ನಗರಗಳಲ್ಲಿ ಕರಿಯರಿದ್ದಾರೆ. ಅಲ್ಲಿ ತಕ್ಕಡಿ ಸಮ ನಿಂತಾಗ ನಮ್ಮ ಒಂದು ಹಿಡಿ ಕಾಳು ಅದನ್ನು ವಾಲಿಸುತ್ತದೆ. ನೇರ ಚುನಾವಣೆಯಾದರೆ ಆ ಹಿಡಿ ಕಾಳು ಕಣಜದಲ್ಲಿ ಕಳೆದುಹೋಗುತ್ತದೆ.

ಈ ಮಾತನ್ನು ನಾನು ತಳ್ಳಿಹಾಕೋಲ್ಲ. ಎಲ್ಲಿಗೆ ಹೋದರೂ ಅಲ್ಪಸಂಖ್ಯೆಯಾಗಿ ನಿಲ್ಲುವ ನಮಗೆ ಅದರ ಸಂಕಟ ಗೊತ್ತು. ಆದರೆ ತಕ್ಕಡಿ ಸಮ ಇಲ್ಲದ ಕಡೆ ಇರುವವರ ಗತಿ ಏನು? ಮಿಸಿಸಿಪ್ಪಿಯ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕರಿಯರು. ಅವರಲ್ಲಿ ಬಹುಪಾಲು ಓಟು ಡೆಮಾಕ್ರಟಿಕ್ ಪಕ್ಷಕ್ಕೆ. ಮಿಸಿಸಿಪ್ಪಿ, ಅಲಬಾಮ, ದಕ್ಷಿಣ ಕೆರೊಲಿನಾ ಈ ಮೂರೂ ರಾಜ್ಯಗಳು ಆ ಪಕ್ಷಕ್ಕೆ ಕೊನೆಯ ಸಲ ಎಲೆಕ್ಟರುಗಳನ್ನು ಕೊಟ್ಟದ್ದು 1976ರಲ್ಲಿ. ಅಲ್ಲಿಂದ 2024ರವರೆಗೆ ಹನ್ನೆರಡು ಚುನಾವಣೆ. ಬಿಸಿಲಲ್ಲಿ ಸಾಲು ನಿಂತು, ಅಜ್ಜಿ ಓಟು ಹಾಕಿದಳು, ಮಗಳು ಹಾಕಿದಳು, ಮೊಮ್ಮಗಳು ಹಾಕಿದಳು. ಒಬ್ಬ ಎಲೆಕ್ಟರ್ ಕೂಡ ದಕ್ಕಲಿಲ್ಲ. ಅವರ ತಲೆ ಎಣಿಸಿದ್ದರಿಂದ ಬಂದ ಎಲೆಕ್ಟರುಗಳೂ ಅವರು ಬೇಡ ಅಂದವನ ಕಡೆಗೇ ಹೋದರು. ಈಗ ಓಟುಂಟು, ಆದರೂ ಹಗ್ಗ ಕೈಗೆ ಸಿಕ್ಕಿಲ್ಲ.

ಬಿಳಿಯರಿಗೂ ಈ ಲೆಕ್ಕ ಸಮ ಇಲ್ಲ. 2020ರ ಗಣತಿಯಂತೆ ವಯೋಮಿಂಗ್ ರಾಜ್ಯದಲ್ಲಿ 5 ಲಕ್ಷ 77 ಸಾವಿರ ಜನಕ್ಕೆ 3 ಎಲೆಕ್ಟರು, ಕ್ಯಾಲಿಫೋರ್ನಿಯಾದಲ್ಲಿ 3 ಕೋಟಿ 95 ಲಕ್ಷಕ್ಕೆ 54. ಅಂದರೆ ಅಲ್ಲಿ 1 ಲಕ್ಷ 92 ಸಾವಿರಕ್ಕೆ ಒಬ್ಬ, ಇಲ್ಲಿ 7 ಲಕ್ಷ 30 ಸಾವಿರಕ್ಕೆ ಒಬ್ಬ. 2000ದಲ್ಲಿ ಅಲ್ ಗೋರ್‌ಗೆ 5 ಲಕ್ಷಕ್ಕೂ ಮೀರಿ ಹೆಚ್ಚು ಓಟು, ಆದರೆ ಫ್ಲಾರಿಡಾದ 537 ಓಟಿನಿಂದ ಅಧ್ಯಕ್ಷನಾದದ್ದು ಬುಷ್. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ಓಟಿನ ಮುನ್ನಡೆ, ಗೆದ್ದದ್ದು ಟ್ರಂಪ್. 2024ರಲ್ಲಿ ಟ್ರಂಪ್ ಎರಡು ಲೆಕ್ಕದಲ್ಲೂ ಗೆದ್ದ. ಹಾಗಂತ ನಿಯಮ ನೆಟ್ಟಗಾಯಿತು ಅಂತಲ್ಲ. ಸುಳ್ಳು ತಕ್ಕಡಿಯೂ ಒಮ್ಮೊಮ್ಮೆ ಸರಿಯಾದ ತೂಕ ತೋರಿಸುತ್ತದೆ.

ಸಂವಿಧಾನ ತಿದ್ದಬೇಕಾದರೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಲಾಭ ಉಣ್ಣುವವರೇ ತಟ್ಟೆ ಬಿಟ್ಟು ಏಳಬೇಕು ಅಂದ ಹಾಗೆ. ಅದಕ್ಕೇ ಇನ್ನೊಂದು ದಾರಿ ಹುಡುಕಿದ್ದಾರೆ. ಎಲೆಕ್ಟರುಗಳನ್ನು ಹೇಗೆ ನೇಮಿಸಬೇಕು ಅನ್ನೋದು ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟದ್ದು. ಆದ್ದರಿಂದ ಕೆಲವು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ: ಇಡೀ ದೇಶದಲ್ಲಿ ಯಾರಿಗೆ ಹೆಚ್ಚು ಓಟೋ ಅವರಿಗೇ ನಮ್ಮ ಅಷ್ಟೂ ಎಲೆಕ್ಟರುಗಳು. ಸೇರಿದ ರಾಜ್ಯಗಳ ಎಲೆಕ್ಟರುಗಳು 270 ಮುಟ್ಟಿದ ದಿನ ಇದು ಜಾರಿ. 2007ರಲ್ಲಿ ಮೇರಿಲ್ಯಾಂಡ್ ಮೊದಲು ಸೇರಿತು. 2024ರ ಏಪ್ರಿಲ್‌ನಲ್ಲಿ ಮೇನ್ ಸೇರಿದಾಗ ಲೆಕ್ಕ 209ಕ್ಕೆ ಬಂತು. 270 ಮುಟ್ಟಿದರೂ ಕೋರ್ಟಿನ ಜಗಳ ತಪ್ಪಿದ್ದಲ್ಲ. ರಾಜ್ಯ ರಾಜ್ಯಗಳ ಒಪ್ಪಂದಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು ಅಂತ ವಿರೋಧಿಗಳು ಈಗಲೇ ಹೇಳ್ತಾರೆ. ಆದರೂ ಇದು ನಡೆಯಲೇಬೇಕಾದ ಕೆಲಸ. ಮಿಸಿಸಿಪ್ಪಿಯ ಆ ಅಜ್ಜಿಯ ಓಟು ದೇಶದ ರಾಶಿಗೆ ಬೀಳೋದು ಇದರಿಂದಲೇ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಕೆ ಕೊಟ್ಟರು. ಒಬ್ಬ ಮನುಷ್ಯನಿಗೆ ಒಂದು ಓಟು ಅಂತ ಅಷ್ಟೇ ಹೇಳಿ ಅವರು ನಿಲ್ಲಿಸಲಿಲ್ಲ, ಒಂದು ಓಟಿಗೆ ಒಂದೇ ಬೆಲೆ ಎಂಬುದನ್ನೂ ಸೇರಿಸಿದರು. ಬದುಕಿನಲ್ಲಿ ಆ ಬೆಲೆ ಇನ್ನೂ ಇಲ್ಲವಲ್ಲ ಅಂತ ನೋವಿನಿಂದ ಕೇಳಿದರು. ಅಮೆರಿಕದ ಕತೆ ಓದಿದಾಗ ಆ ಎರಡನೆಯ ಮಾತಿನ ತೂಕ ನನಗೆ ತಿಳಿಯಿತು.

ಈಗ ಬೇಳೆಯ ವಿಷಯ. ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ ನಮ್ಮ ತಲೆ ಎಣಿಸ್ತಾರೆ. ಆ ಲೆಕ್ಕ ತೋರಿಸಿ ಅಕ್ಕಿ ಬೇಳೆ ತರ್ತಾರೆ. ಪುಸ್ತಕದಲ್ಲಿ ನೂರು ತಲೆ ಇದ್ದು ಸಾರಲ್ಲಿ ಬೇಳೆ ಇಲ್ಲ ಅಂದರೆ, ನಮ್ಮ ತಲೆ ಎಣಿಸಿ ಬೇರೆ ಯಾರೋ ಉಂಡಿದ್ದಾರೆ ಅಂತ ಅರ್ಥ. ವರ್ಜೀನಿಯಾದ ಒಡೆಯ ಮಾಡಿದ್ದು ಇದನ್ನೇ. ಆದ್ದರಿಂದ ಇನ್ನು ಮುಂದೆ ಯಾರಾದರೂ ನಿಮ್ಮನ್ನು ಎಣಿಸಲು ಬಂದರೆ, ಜಾತ್ರೆಗಾಗಲಿ, ಹಾಸ್ಟೆಲಿಗಾಗಲಿ, ಚುನಾವಣೆಗಾಗಲಿ, ಹೆಸರು ಬರೆಸಿ ಸುಮ್ಮನೆ ಬರಬೇಡಿ. ಎಣಿಸಿದ ಪುಸ್ತಕ ಕೊಡಿ ನೋಡೋಣ ಅನ್ನಿ. ನಮ್ಮ ತಲೆಯ ಲೆಕ್ಕದಲ್ಲಿ ಬಂದದ್ದು ಯಾರ ಮನೆಗೆ ಹೋಯಿತು ಅಂತ ಕೇಳಿ.

ನನ್ನ ಮಾತು ಮುಗೀತು. ನಿಮ್ಮ ಪ್ರಶ್ನೆ ಶುರುವಾಗಲಿ. ಜೈ ಭೀಮ್.