ಮತ್ತೆ ಕಂಡ ಬೆಂಗಳೂರು

(ಶಿಗ್ಗಾಂವದಲ್ಲಿ ಸಂತೆಯ ದಿನ ಸಂಜೆ ಕೂಡಿದ ದುಡಿಯುವವರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಬೆಂಗಳೂರಿಗೆ ಹೋಗಿಬಂದೆ. ಹಿಂದೆ ಮಾಸ್ತರನಾಗಿದ್ದಾಗ, 2012ರಲ್ಲಿ, ಶಾಲೆಯ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ವಿಧಾನಸೌಧ ನೋಡಿದೆವು, ಲಾಲಬಾಗ ನೋಡಿದೆವು. ಈ ಸಲ ಕಂಡದ್ದು ಬೇರೆಯೇ ಊರು. ಅಂದು ಒಂದು ಮಗ್ಗುಲಲ್ಲಿ ಮಾತ್ರ ಓಡುತ್ತಿದ್ದ ಮೆಟ್ರೋ ರೈಲು ಇಂದು ನಾಲ್ಕು ದಿಕ್ಕಿಗೂ ಓಡುತ್ತದೆ. 1951ರ ಜನಗಣತಿಯಲ್ಲಿ 8 ಲಕ್ಷದ ಆಸುಪಾಸು ಇದ್ದ ಜನ 2011ಕ್ಕೆ 84 ಲಕ್ಷ ದಾಟಿದರು.

ಊರು ಬೆಳೆಯಬಾರದೆಂದು ನಾನು ಹೇಳುವುದಿಲ್ಲ. ಆ ರೈಲಿನಲ್ಲಿ ನಾನೂ ಕೂತು ತಿರುಗಿದೆ. ನನ್ನ ಪ್ರಶ್ನೆ ಒಂದೇ: ಈ ಊರನ್ನು ಕಟ್ಟಿದವರು ಎಲ್ಲಿದ್ದಾರೆ?

ಮಲ್ಲೇಶ್ವರದಲ್ಲಿ ರಾಜಾ ಮಿಲ್ ಎಂಬ ಬಟ್ಟೆಯ ಗಿರಣಿ ಇತ್ತು. ಆ ಜಾಗದಲ್ಲಿ 2010ರಲ್ಲಿ ದೊಡ್ಡ ಮಾಲ್ ತೆರೆಯಿತು. ಪಕ್ಕದ ಮೆಟ್ರೋ ನಿಲ್ದಾಣಕ್ಕೆ ಮಾಲಿನ ಹೆಸರಿದೆ, ಗಿರಣಿಯ ಹೆಸರಿಲ್ಲ. 1884ರಲ್ಲಿ ಹುಟ್ಟಿದ ಬಿನ್ನಿ ಗಿರಣಿಯ ನೆಲದಲ್ಲಿ ಇಂದು ಮುಗಿಲೆತ್ತರದ ಮನೆಗಳು. 1961ರಿಂದ ದೇಶಕ್ಕೆ ಕೈಗಡಿಯಾರ ಕೊಟ್ಟ ಎಚ್.ಎಂ.ಟಿ.ಯ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು.

ಗಿರಣಿ ಮುಚ್ಚಿದರೆ ಗಿರಣಿಯವನೊಬ್ಬನೇ ಕೆಡುವುದಿಲ್ಲ. ಗೇಟಿನೆದುರಿನ ಚಹಾದಂಗಡಿ, ಉದ್ರಿ ಕೊಡುವ ಕಿರಾಣಿ ಅಂಗಡಿ, ಕ್ಷೌರದಂಗಡಿ ಎಲ್ಲವೂ ಅದರ ಹಿಂದೆಯೇ ಬಾಗಿಲು ಹಾಕುತ್ತವೆ. ಇಲ್ಲಿ ಕೂತ ಅಂಗಡಿಕಾರ ಬಂಧುಗಳು ಇದನ್ನು ನೆನಪಿಡಬೇಕು. ಕೂಲಿಕಾರನ ಪಗಾರ ಕೊನೆಗೆ ಬಂದು ಬೀಳುವುದು ನಿಮ್ಮ ಗಲ್ಲೆಯಲ್ಲಿಯೇ.

ಒಂದು ಹೊಸ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಿದ್ದವು. ಅಲ್ಲಿ ಒಬ್ಬ ಹುಡುಗ "ನಮಸ್ಕಾರ್ರೀ ಸರ" ಎಂದು ಗೋಡೆ ಹಿಡಿದು ಎದ್ದು ನಿಂತ. ಅಂದು ಪ್ರವಾಸಕ್ಕೆ ಬಂದಿದ್ದ ನನ್ನ ವಿದ್ಯಾರ್ಥಿ. ಈಗ ಗೌಂಡಿ. ಗೋಡೆಗೆ ಕಟ್ಟಿದ ಅಟ್ಟದಿಂದ ಬಿದ್ದು ಕಾಲು ಮುರಿದು ಎರಡು ತಿಂಗಳಾಗಿತ್ತು. ಗುತ್ತೇದಾರ ಮೊದಲ ವಾರದ ಔಷಧದ ಖರ್ಚು ಕೊಟ್ಟನಂತೆ, ಆಮೇಲೆ ಫೋನು ಎತ್ತಲಿಲ್ಲವಂತೆ.

"ನಿನ್ನ ಹೆಸರು ಎಲ್ಲಿಯಾದರೂ ಬರೆಸಿದ್ದೀಯೇನು ತಮ್ಮಾ?" ಎಂದೆ.

"ಎಲ್ಲೂ ಇಲ್ರೀ ಸರ" ಎಂದ.

ದಿನಾ ಮುಂಜಾನೆ ಹಾಜರಿ ಪುಸ್ತಕ ಹಿಡಿದು ನಾನು ಕೂಗುತ್ತಿದ್ದ ಹೆಸರು ಅದು. ಅಂತಸ್ತಿನ ಮೇಲೆ ಅಂತಸ್ತು ಎಬ್ಬಿಸಿದವನ ಹೆಸರು ಆ ಊರಿನ ಯಾವ ಪುಸ್ತಕದಲ್ಲಿಯೂ ಇಲ್ಲ!

ಕಾನೂನು ಆಗಲಿಲ್ಲವೆಂದಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾನೂನು ಬಂತು. ನಮ್ಮ ರಾಜ್ಯದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ಆಯಿತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ 1 ರೂಪಾಯಿಯಂತೆ ಮಂಡಳಿಗೆ ಸುಂಕ ಸೇರುತ್ತದೆ. 18ರಿಂದ 60 ವಯಸ್ಸಿನೊಳಗಿನವರು, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು, ಹೆಸರು ಬರೆಸಬಹುದು. ಹಣ ಕೂಡುತ್ತದೆ, ಹೆಸರಿಲ್ಲದವನಿಗೆ ಮುಟ್ಟುವುದಿಲ್ಲ.

ಒಗ್ಗಟ್ಟಿನ ಬಲವನ್ನೂ ಅದೇ ಊರು ತೋರಿಸಿದೆ. ಮಾಲಿಕರ ಪಾಲಿನ ಪಿ.ಎಫ್. ಹಣ 58 ವರ್ಷ ತುಂಬುವವರೆಗೆ ಕೈಗೆ ಸಿಗದೆಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದರು. ಲಾಠಿ ಬಿತ್ತು. ಆದರೂ ಎರಡನೆಯ ದಿನವೇ ದಿಲ್ಲಿಯ ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಹತ್ತಿ, ಗೋವಿನಜೋಳ ಬೆಳೆಯುವ ನಮ್ಮ ಸೀಮೆಯಲ್ಲಿಯೇ ಕೈತುಂಬ ಕೆಲಸ ಬೇಕೆಂದು ನಾವು ಕೇಳುತ್ತೇವೆ, ಕೇಳುತ್ತಲೇ ಇರುತ್ತೇವೆ. ಅಲ್ಲಿಯವರೆಗೆ ಹೆದ್ದಾರಿಯ ಬಸ್ಸು ಹತ್ತುವ ನಮ್ಮ ಹುಡುಗರು ಹೆಸರಿಲ್ಲದವರಾಗಿ ಉಳಿಯಬಾರದು. ಹೊರಗೆ ದುಡಿಯುವವರ ಪಟ್ಟಿಯನ್ನು ಓಣಿ ಓಣಿಗೆ ಮಾಡೋಣ. ಕಾಗದಪತ್ರ ಬರೆದುಕೊಡುವ ಕೆಲಸ ನನ್ನದು. ಅಂಗಡಿಕಾರ ಬಂಧುಗಳೇ, ನಿಮ್ಮ ಉದ್ರಿ ಪುಸ್ತಕದಲ್ಲಿರುವ ಹೆಸರು ಮಂಡಳಿಯ ಪುಸ್ತಕದಲ್ಲಿಯೂ ಇದೆಯೇ ಎಂದು ಒಂದು ಮಾತು ಕೇಳಿರಿ.

ಆ ಹುಡುಗನ ಅರ್ಜಿಯಿಂದಲೇ ಈ ಕೆಲಸ ಆರಂಭಿಸಿದ್ದೇನೆ. ಎರಡನೆಯ ಹೆಸರು ಯಾರದು, ಈ ಸಭೆ ಮುಗಿಯುವ ಮೊದಲೇ ಹೇಳಿರಿ.

ದುಡಿಯುವವರ ಒಗ್ಗಟ್ಟಿಗೆ ಜಯವಾಗಲಿ.