ಇಳಿಯುವ ಹೊತ್ತು

ಬರುವ ಭಾನುವಾರ ಸಾವನದುರ್ಗಕ್ಕೆ ಹೋಗುವುದೆಂದು ಮನೆಯಲ್ಲಿ ಮಾತಾಗಿದೆ. ಅಣ್ಣನ ಮಗ ಪಿಯುಸಿ ಓದುತ್ತಿದ್ದಾನೆ, ಅವನಿಗಿದು ಮೊದಲ ಬೆಟ್ಟ. ನಿನ್ನೆ ಊಟವಾದ ಮೇಲೆ ನೋಟುಬುಕ್ಕು ತೆರೆದು ಕೂತ.

"ಚಿಕ್ಕಪ್ಪ, ಎಷ್ಟೊತ್ತಿಗೆ ಹೊರಡೋಣ?"

"ಅದನ್ನ ಕೊನೇಲಿ ಬರಿ. ಎಷ್ಟೊತ್ತಿಗೆ ಇಳಿದು ಕೆಳಗಿರಬೇಕು ಅನ್ನೋದನ್ನ ಮೊದಲು ಬರಿ" ಅಂದೆ.

ನಮ್ಮ ಸೀಮೆಯ ಬೆಟ್ಟಗಳಿಗೆ ನೆರಳಿಲ್ಲ. ಮಾಗಡಿಯ ಸಾವನದುರ್ಗವಾಗಲಿ, ರಾಮನಗರದ ರಾಮದೇವರಬೆಟ್ಟವಾಗಲಿ, ಕನಕಪುರದ ಕಬ್ಬಾಳದುರ್ಗವಾಗಲಿ, ಬುಡದಲ್ಲಿ ಕುರುಚಲು ಕಾಡು, ಮೇಲೆ ಬೋಳುಬಂಡೆ. ಮಾಗಿ ಚಳಿಯಲ್ಲೂ ಹೊತ್ತು ನೆತ್ತಿಗೆ ಬಂದರೆ ಆ ಬಂಡೆ ಕಾದ ಹೆಂಚು. ಹಾಗಾಗಿ ಹನ್ನೆರಡಕ್ಕೆ ಕೆಳಗಿರಬೇಕು ಎಂದು ಬರೆಸಿದೆ. ಇಳಿಯಲು ಎರಡು ಗಂಟೆ. ಅಂದರೆ ಹತ್ತಕ್ಕೆ ತುದಿ ಬಿಡಬೇಕು. ಮೇಲೆ ಅರ್ಧ ಗಂಟೆ ಕೂರುವ ಆಸೆ. ಹೊಸಬನ ಕಾಲಿಗೆ ಏರಲು ಎರಡೂವರೆ ಗಂಟೆ. ಏಳಕ್ಕೆ ಬುಡದಲ್ಲಿರಬೇಕೆಂದರೆ ಮನೆಯಿಂದ ಐದೂವರೆಗೆ ಹೊರಡಬೇಕು. ಹೀಗೆ ಕೆಳಗಿನಿಂದ ಮೇಲಕ್ಕೆ ಬರೆಯುತ್ತ ಹೋದ. ಕೊನೆಗೆ ಒಂದು ಸಾಲು ಸೇರಿಸಿದೆ: ಹತ್ತು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸು. "ತುದೀಲಿರೋ ನಂದಿ ಕಣ್ಣಿಗೆ ಕಾಣ್ತಾ ಇದ್ರೂನಾ?" ಅಂದ. ಕಾಣುತ್ತಿದ್ದರೂ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಅವನ ವಯಸ್ಸಿಗಿಂತ ತುಸು ದೊಡ್ಡವನಿದ್ದಾಗ ನಾನೂ ಗೆಳೆಯನೊಬ್ಬನೂ ಇದೇ ಬೆಟ್ಟಕ್ಕೆ ಹೋಗಿದ್ದೆವು. ಹೊರಡುವ ಹೊತ್ತು ಬಿಟ್ಟರೆ ಬೇರೇನನ್ನೂ ಯೋಚಿಸಿರಲಿಲ್ಲ. ಬುಡದ ಲಕ್ಷ್ಮೀನರಸಿಂಹನ ಗುಡಿಯ ಹತ್ತಿರ ಸೌತೆಕಾಯಿ, ಮಜ್ಜಿಗೆ ಮಾರುತ್ತಿದ್ದ ಅಜ್ಜಿಯೊಬ್ಬರು ತಡೆದು ಕೇಳಿದರು: "ಎಷ್ಟ್ ಜನ ಓಯ್ತಾ ಇದ್ದೀರಪ್ಪಾ? ಎಷ್ಟೊತ್ಗೆ ಇಳ್ದ್ ಬತ್ತೀರಾ?" ಇಬ್ಬರು ಎಂದೆವು. ಎರಡನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. "ಒತ್ ಮುಳ್ಗಕ್ ಮುಂಚೆ ಬನ್ನಿ" ಎಂದರು.

ಏರುವಾಗ ಬಂಡೆ ನಮಗೆ ಒಲಿದಿತ್ತು. ಮೇಲೆ ಮಲಗಿದೆವು, ಮಂಚನಬೆಲೆ ಜಲಾಶಯದ ನೀರು ನೋಡುತ್ತ ಹಾಡಿದೆವು. ಮೂರೂವರೆಗೆ ಎದ್ದು ಇಳಿಯತೊಡಗಿದಾಗ ಬೆಳಿಗ್ಗೆ ಬಂದ ದಾರಿ ಯಾವುದೆಂದು ತಿಳಿಯಲಿಲ್ಲ. ಮಣ್ಣಿನ ದಾರಿಯಾದರೆ ಹೆಜ್ಜೆ ಉಳಿಯುತ್ತದೆ, ಕಲ್ಲಿನ ಮೇಲೆ ಯಾರ ಹೆಜ್ಜೆ ಉಳಿದೀತು?

ಈ ಕಲ್ಲಿನ ಗುಣವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ನಮ್ಮ ರಾಮನಗರದ್ದೇ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಹೆಪ್ಪುಗಟ್ಟಿದ ಕಲ್ಲು. ಮೇಲೆ ಹೊದ್ದಿದ್ದ ನೆಲವೆಲ್ಲ ಸವೆದುಹೋಗಿ ಭಾರ ಇಳಿದಾಗ ಅದು ಹಿಗ್ಗಿತು, ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಅದಕ್ಕೇ ಈ ಬೆಟ್ಟಗಳಿಗೆ ಮೊನೆಯಿಲ್ಲ, ಆನೆಯ ಬೆನ್ನಿನಂಥ ದುಂಡಗಿನ ಮೈ. ನೋಡಲು ಬಲು ಚೆಂದ. ಆದರೆ ಇಳಿಯುವವನಿಗೆ ಅದರಲ್ಲೇ ಅಪಾಯ. ನೆತ್ತಿಯ ಹತ್ತಿರ ಇಳಿಜಾರು ಸಲೀಸಾಗಿರುತ್ತದೆ, ಎತ್ತ ಹೆಜ್ಜೆಯಿಟ್ಟರೂ ದಾರಿಯೇ ಅನ್ನಿಸುತ್ತದೆ. ಇಳಿದಂತೆಲ್ಲ ಬಂಡೆ ಕೆಳಮುಖವಾಗಿ ಬಾಗುತ್ತದೆ, ಮುಂದೇನಿದೆಯೆಂದು ಕಾಣುವುದಿಲ್ಲ. ಇನ್ನು ಹತ್ತು ಹೆಜ್ಜೆ, ಇನ್ನು ಹತ್ತು ಹೆಜ್ಜೆ ಎಂದುಕೊಂಡು ಹೋದವನಿಗೆ ಕಾಲು ನಿಲ್ಲದ ಕಡೆಗೆ ಬಂದಿದ್ದೇನೆಂದು ತಿಳಿಯುವಾಗ ಹಿಂದಕ್ಕೆ ಏರಲೂ ಆಗದು. ನಾವಿಬ್ಬರೂ ಅಂಥದೇ ಜಾಗದಲ್ಲಿ, ಒಂದು ದೊಣೆಯ ಪಕ್ಕ, ಅಂಗೈಯನ್ನು ಕಲ್ಲಿಗೆ ಒತ್ತಿ ಕೂತೆವು. ಬಾಟಲಿಯಲ್ಲಿ ನೀರು ತೀರಿತ್ತು. ಸೂರ್ಯ ಮುಳುಗಿದ.

ಅಲ್ಲಿ ಕೂತಿದ್ದಾಗ ನನಗೆ ಗೊತ್ತಿಲ್ಲದಿದ್ದ ಕಥೆಯೊಂದು ಆಮೇಲೆ ಓದಿ ತಿಳಿಯಿತು. ಸಾವನದುರ್ಗ ಮಾಗಡಿಯ ಕೆಂಪೇಗೌಡರ ವಂಶದವರ ಕೋಟೆ, 1728ರಲ್ಲಿ ಮೈಸೂರಿಗೆ ಸೇರಿತು. 1791ರ ಡಿಸೆಂಬರ್ 10ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಇದರ ಬುಡಕ್ಕೆ ಬಂತು. ಬಿದಿರು ಮೆಳೆ ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಎಳೆದು ತಂದು, ಗೋಡೆ ಒಡೆದು, 21ರಂದು ಮೇಲೇರಿತು. ಏರಿದ್ದು ಒಂದೇ ಗಂಟೆಯೊಳಗೆ; ಅದರ ಸಿದ್ಧತೆಗೆ ಹನ್ನೊಂದು ದಿನ ಹಿಡಿದಿತ್ತು. ಯಾರೂ ಮುಟ್ಟಲಾಗದ ಕೋಟೆಯೆಂದು ನಂಬಿ ಒಳಗಿದ್ದವರು ದಿಕ್ಕುಗೆಟ್ಟು ಓಡಿದರು. ಬೆಟ್ಟದ ಎರಡು ನೆತ್ತಿಗಳಾದ ಕರಿಗುಡ್ಡ, ಬಿಳಿಗುಡ್ಡಗಳ ನಡುವೆ ಕಮರಿ, ಕಿರಿದಾದ ದಾರಿ. ಕತ್ತಿಗೆ ಸಿಗದವರು ಎಷ್ಟೋ ಮಂದಿ ಬಂಡೆಯಿಂದ ಉರುಳಿ ಸತ್ತರು. ಆ ಸೈನಿಕರಲ್ಲಿ ಈ ಸುತ್ತಿನ ಹಳ್ಳಿಗಳ ಮಕ್ಕಳೂ ಇದ್ದಿರಬಹುದು. ಬೆಟ್ಟ ಹತ್ತುವಾಗಲೆಲ್ಲ ಅವರ ನೆನಪಾಗುತ್ತದೆ. ಕೂತು ಕಾಯಲು ಕೋಟೆಯಲ್ಲಿ ಗೋಡೆಯಿತ್ತು, ನೀರಿತ್ತು. ಅವಸರದಲ್ಲಿ ಇಳಿಯಲು ದಾರಿಯಿರಲಿಲ್ಲ.

ನಮ್ಮನ್ನು ಉಳಿಸಿದ್ದು ಆ ಅಜ್ಜಿಯ ಲೆಕ್ಕ. ಬೆಳಿಗ್ಗೆಯಿಂದ ಮೇಲೆ ಹೋದವರನ್ನೂ ಇಳಿದು ಬಂದವರನ್ನೂ ಅವರು ಎಣಿಸುತ್ತಿದ್ದರು. ಪುಟ್ಟಿ ಎತ್ತುವ ಹೊತ್ತಿಗೆ ಇಬ್ಬರು ಕಡಿಮೆ. ಊರಿನ ಇಬ್ಬರು ಹುಡುಗರನ್ನು ಬ್ಯಾಟರಿ ಕೊಟ್ಟು ಕಳಿಸಿದರು. ಕತ್ತಲಲ್ಲಿ ಅವರ ಕೂಗು ಕೇಳಿದಾಗ ನನ್ನ ಗೆಳೆಯ ಅತ್ತ. ಕೆಳಗೆ ಬಂದಾಗ ಅಜ್ಜಿ ಬೈಯಲಿಲ್ಲ. ಉಳಿದಿದ್ದ ಮಜ್ಜಿಗೆ ಕೊಟ್ಟು, ಕಾಸು ಬೇಡವೆಂದರು.

ಹಾಗೆಂದು ಎಲ್ಲ ಬೆಟ್ಟಕ್ಕೂ ಒಂದೇ ಲೆಕ್ಕ ನಡೆಯದು. ಕನಕಪುರದ ಕಾಡಿನೊಳಗಿನ ಬಿಳಿಕಲ್ ರಂಗಸ್ವಾಮಿ ಬೆಟ್ಟದ ಸುತ್ತ ಆನೆಗಳಿವೆ. ಅಲ್ಲಿ ನಸುಕಿನಲ್ಲಿ ನಡೆಯಬಾರದು, ಚೆನ್ನಾಗಿ ಬೆಳಕು ಹರಿಯಬೇಕು, ಸಂಜೆಗೆ ಮುಂಚೆ ಕಾಡು ಬಿಡಬೇಕು, ಅರಣ್ಯ ಇಲಾಖೆಯವರನ್ನು ಕೇಳದೆ ಹೋಗಲೇಬಾರದು. ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಕರಡಿಯೂ ಉಂಟು. ಬಂಡೆಯ ಸಂದಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಸೆಂಟು, ಬೀಡಿ, ಕೂಗಾಟ ಯಾವುದೂ ಕೂಡದು. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಗೆ ಹೋಗುವ ಮಾತೇ ಬೇಡ. ಇದನ್ನೆಲ್ಲ ಬುಡದ ಹಳ್ಳಿಯವರನ್ನು ಕೇಳಿದರೆ ಆ ದಿನದ ಸುದ್ದಿ ಸಮೇತ ಹೇಳುತ್ತಾರೆ. ಫೋನಿನ ನಕಾಶೆಗೆ ಅದು ಗೊತ್ತಿರುವುದಿಲ್ಲ.

ಹುಡುಗ ಪಟ್ಟಿ ಮುಗಿಸಿದ. ತಲೆಗೆ ಮೂರು ಲೀಟರಿನಂತೆ ನೀರು, ಚಿತ್ರಾನ್ನದ ಬುತ್ತಿ, ಟೋಪಿ, ಹಿಡಿತವಿರುವ ಶೂ, ಹಗಲೇ ಇಳಿಯುವವರಿದ್ದರೂ ಒಂದು ಟಾರ್ಚು. ಅದೇ ಹಾಳೆಯ ಇನ್ನೊಂದು ಪ್ರತಿ ಬರೆದು ಅವರಮ್ಮನ ಕೈಗೆ ಕೊಡಲು ಹೇಳಿದೆ: ಯಾವ ಬೆಟ್ಟ, ಯಾವ ಕಡೆಯಿಂದ ಏರುವುದು, ಎಷ್ಟೊತ್ತಿಗೆ ಇಳಿಯುವುದು, ಒಂದೂವರೆಯೊಳಗೆ ಫೋನು ಬರದಿದ್ದರೆ ಯಾರಿಗೆ ತಿಳಿಸುವುದು. ಅತ್ತಿಗೆ ಓದಿ, ಮಡಚಿ, ದೇವರ ಗೂಡಿನ ಪಕ್ಕ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು.

"ಆ ಅಜ್ಜಿ ಇನ್ನೂ ಅಲ್ಲಿರ್ತಾರಾ ಚಿಕ್ಕಪ್ಪ?" ಎಂದು ಕೇಳಿದ. ಇಷ್ಟು ವರ್ಷವಾಯಿತು, ಇರಲಾರರು. ಆದರೆ ಆ ಜಾಗದಲ್ಲಿ ಸೌತೆಕಾಯಿ ಮಾರುವವರು ಯಾರಾದರೂ ಕೂತಿರುತ್ತಾರೆ. ಅವರ ಹತ್ತಿರ ಎರಡು ಸೌತೆಕಾಯಿ ಕೊಂಡು, ನಾವು ಇಬ್ಬರು, ಹನ್ನೆರಡಕ್ಕೆ ಇಳಿದು ಬರುತ್ತೇವೆ ಎಂದು ಹೇಳಿ ಹತ್ತಬೇಕು. ಹೇಳುವ ಕೆಲಸ ನಿನ್ನದು ಎಂದಿದ್ದೇನೆ.