ಕರ್ನಲ್ ಬರೆಯಲು ಯಾವ ಭಾಷೆ?

ಮೆಮೊರಿ ಹಂಚುವುದು, ಡಿಸ್ಕು, ಕೀಲಿಮಣೆಗಳನ್ನು ಮಾತಾಡಿಸುವುದು, ಎಲ್ಲವೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲಿನ ಪಾಲಿನ ಕೆಲಸ. ಅದನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬ ಜಗಳ ಇಂದು ನಿನ್ನೆಯದಲ್ಲ.

ಮೊದಮೊದಲು ಜಗಳವೇ ಇರಲಿಲ್ಲ. ಆಯಾ ಯಂತ್ರದ ಅಸೆಂಬ್ಲಿ ಭಾಷೆ, ಅಷ್ಟೆ. ಯಂತ್ರ ಬದಲಾದರೆ ಬರೆದದ್ದೆಲ್ಲ ದಂಡ. ಅರವತ್ತರ ದಶಕದಲ್ಲೇ ಬರೋಸ್ ಕಂಪನಿಯವರು ಆಲ್ಗಾಲ್ ಜಾತಿಯ ಭಾಷೆಯಲ್ಲಿ, ಮಲ್ಟಿಕ್ಸ್ ತಂಡದವರು ಪಿಎಲ್/ಒನ್‌ನಲ್ಲಿ ಬರೆದು ತೋರಿಸಿದರು. ಆದರೂ 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯೂನಿಕ್ಸ್ ಶುರುಮಾಡಿದ್ದು ಅಸೆಂಬ್ಲಿಯಲ್ಲೇ.

1972ರಲ್ಲಿ ಅವರು ಅದನ್ನು ಸಿ ಭಾಷೆಗೆ ತರಲು ಹೊರಟು ಕೈಬಿಟ್ಟರು. ಒಂದು ಫೈಲಿನ ಗಾತ್ರ, ಒಡೆಯ, ಡಿಸ್ಕಿನಲ್ಲಿರುವ ಜಾಗ ಇವನ್ನೆಲ್ಲ ಒಂದೇ ಗಂಟಾಗಿ ಕಟ್ಟಿಡುವ ‘ಸ್ಟ್ರಕ್ಚರ್’ ಆಗ ಸಿ ಭಾಷೆಯಲ್ಲಿರಲಿಲ್ಲ. ಆ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ಅದನ್ನು ಸೇರಿಸಿದರು. 1973ರಲ್ಲಿ ಕರ್ನಲ್ ಸಿ ಭಾಷೆಗೆ ಬಂತು. ಮುಂದೆ ಬೇರೆ ಕಂಪನಿಗಳ ಯಂತ್ರಗಳಿಗೂ ಯೂನಿಕ್ಸ್ ಏರಿದ್ದು ಇದರ ಬಲದಿಂದಲೇ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್‌ಗೆ ಆರಿಸಿಕೊಂಡದ್ದೂ ಸಿ ಭಾಷೆಯನ್ನೇ.

ಸಿ ಭಾಷೆ ಬರೆಯುವವನನ್ನು ಪೂರ್ತಿ ನಂಬುತ್ತದೆ. ಚಿಕ್ಕ ಯಂತ್ರಗಳ ಕಾಲಕ್ಕೆ ಆ ನಂಬಿಕೆ ತಕ್ಕದ್ದೇ. ಹೆಜ್ಜೆಹೆಜ್ಜೆಗೂ ತಪಾಸಣೆ ಮಾಡಿಸುವಷ್ಟು ತಾಕತ್ತು ಅವಕ್ಕೆಲ್ಲಿತ್ತು? ಆದರೆ ನೆಟ್‌ವರ್ಕ್ ಬಂದಮೇಲೆ ಲೆಕ್ಕ ತಲೆಕೆಳಗಾಯಿತು. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಎಂಬ, ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಪ್ರೋಗ್ರಾಂ, ಯೂನಿಕ್ಸ್‌ನ ‘ಫಿಂಗರ್’ ಸೇವೆಯ 512 ಬೈಟ್ ಜಾಗಕ್ಕೆ 536 ಬೈಟ್ ತುರುಕಿತು. ಹೆಚ್ಚಾದದ್ದು ಪಕ್ಕದ ಮೆಮೊರಿಗೆ ಚೆಲ್ಲಿ, ಯಂತ್ರವೇ ಅನ್ಯರ ಕೈಸೇರಿತು. ಅದು ಕರ್ನಲ್ ಒಳಗಿನ ತಪ್ಪಲ್ಲ, ನಿಜ. ಆದರೆ ರೋಗ ಅದೇ.

ಮದ್ದು ಹುಡುಕಿದವರಿಗೇನೂ ಬರವಿರಲಿಲ್ಲ. ನಿಕ್ಲಾಸ್ ವಿರ್ತ್ ಅವರ ಒಬೆರಾನ್, ಮೈಕ್ರೋಸಾಫ್ಟ್ ಸಂಶೋಧಕರ ಸಿಂಗ್ಯುಲಾರಿಟಿ ಎಂಬ ಆಪರೇಟಿಂಗ್ ಸಿಸ್ಟಂಗಳು, ಎರಡೂ ಸೊಗಸಾದ ಕೆಲಸ. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಹೊಣೆಯನ್ನು ಅವು ಯಂತ್ರಕ್ಕೇ ಬಿಟ್ಟಿದ್ದವು. ನನ್ನ ಮಟ್ಟಿಗೆ ಹೇಳುವುದಾದರೆ, ಅವು ಹಿಂದೆ ಬಿದ್ದದ್ದು ಗುಣ ಕಡಿಮೆಯಾಗಿ ಅಲ್ಲ. ಸಿ ಭಾಷೆಯಲ್ಲಿ ಆಗಲೇ ರಾಶಿಬಿದ್ದಿದ್ದ, ಹಾರ್ಡ್‌ವೇರನ್ನು ಮಾತಾಡಿಸುವ ಡ್ರೈವರ್‌ಗಳನ್ನು ಮತ್ತೆ ಬರೆಯುವವರು ಯಾರು?

ಮೊಜಿಲ್ಲಾದಲ್ಲಿದ್ದ ಗ್ರೇಡನ್ ಹೋರ್ 2006ರಲ್ಲಿ ಆರಂಭಿಸಿದ ರಸ್ಟ್ ಭಾಷೆ, 1.0 ಆವೃತ್ತಿಯಾಗಿ ಬಂದದ್ದು 2015ರಲ್ಲಿ. ಇಲ್ಲಿ ಗುಡಿಸುವವರೇ ಬೇಡ. ಮೆಮೊರಿಯ ಪಹಣಿಯಲ್ಲಿ ಹೆಸರು ಒಬ್ಬರದೇ. ಉಳಿದವರು ಗೇಣಿಗೆ ಪಡೆಯಬಹುದು, ಗಡುವು ಮೀರುವಂತಿಲ್ಲ. ಮೀರಿದರೆ ಕಂಪೈಲರ್ ಪ್ರೋಗ್ರಾಂ ಕಟ್ಟಲು ಒಪ್ಪುವುದೇ ಇಲ್ಲ. ತಮ್ಮ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70 ಮೆಮೊರಿ ತಪ್ಪುಗಳೇ ಎಂದು 2019ರಲ್ಲಿ ಮೈಕ್ರೋಸಾಫ್ಟ್‌ನವರು ಹೇಳಿದ ಮೇಲಂತೂ ರಸ್ಟ್‌ಗೆ ಕಿವಿಗೊಡುವವರು ಹೆಚ್ಚಾದರು. 2022ರ ಡಿಸೆಂಬರಿನ ಲಿನಕ್ಸ್ 6.1 ಅದಕ್ಕೆ ಬಾಗಿಲು ತೆರೆಯಿತು.

ಹಾಗೆಂದು ಹಾರ್ಡ್‌ವೇರ್ ಮುಟ್ಟುವಾಗ ರಸ್ಟ್ ಕಾವಲು ಸಾಲದು; ಅಲ್ಲಿ ‘ಅನ್‌ಸೇಫ್’ ಎಂದು ಬರೆದೇ ಒಳಹೋಗಬೇಕು. ಲಾಭವಿಷ್ಟೆ: ಮೆಮೊರಿ ಕೆಟ್ಟಾಗ ಮೊದಲು ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ಸಿ ಬಳಗದ ಹಳಬರ ತಕರಾರು ಬೇರೆಯೇ. ಸಿ ಕಡೆಯ ಒಂದು ಫಂಕ್ಷನ್ ಬದಲಿಸಿದಾಗ ಅದನ್ನು ನೆಚ್ಚಿಕೊಂಡ ರಸ್ಟ್ ಸಾಲುಗಳನ್ನು ಸರಿಪಡಿಸುವವರು ಯಾರು, ಎಂದು ಅವರು ಕೇಳುತ್ತಾರೆ. ಎರಡು ಭಾಷೆಗಳ ಕರ್ನಲ್ಲನ್ನು ನೋಡಿಕೊಳ್ಳಬೇಕಾದವರು ಅವರೇ ತಾನೆ.